ವಜಾ

ಈ ವರ್ಷದ ಆದೇಶದಲ್ಲಿ ನಿಮ್ಮ ಹೆಸರಿದೆ, ಮಿಸ್ಟರ್ ಥರ್ಲ್‌ಬಿ.
ಪುಟ ನಾಲ್ಕು, ಕೆಳಗಿನಿಂದ ಮೂರನೆಯದು:
ಮರಳದಿಬ್ಬಗಳ ಮಂಡಳಿ, ಲಿಂಕನ್‌ಶೈರ್ ಕರಾವಳಿ.
ಹೋದ ವರ್ಷ ನೀವು ಹೊರಗಿದ್ದಿರಿ,
ಈ ವರ್ಷ ಒಳಗೆ.
ಕುರ್ಚಿ ಬಿಟ್ಟು ಎದ್ದಿಲ್ಲ ನೀವು, ಅದು ನನಗೂ ಗೊತ್ತು.

ಆತ ಫೋನಿನಲ್ಲಿ ಕೆಮ್ಮಿದ. ಹಿಂದೆ ಗಾಳಿ,
ತಗಡಿನ ಮೇಲೆ ಸಾಸಿವೆ ಎರಚಿದಂತೆ ಮರಳು.
“ಒಳಗೆ ಅಂದರೆ, ಯಾವುದರ ಒಳಗೆ?”
ಇಲಾಖೆಯ ಲೆಕ್ಕದ ಒಳಗೆ.
ನಿಮ್ಮ ಅಧ್ಯಕ್ಷರನ್ನು ನೇಮಿಸುವವರು ಯಾರು? ನಮ್ಮ ಮಂತ್ರಿ.
ನೀವು ಸಾಲ ಮಾಡಲು ಅಪ್ಪಣೆ ಕೊಡುವವರು? ನಾವೇ.
ಅಂದಮೇಲೆ ನೀವು ನಮ್ಮವರು,
ಹಾಗಂತ ಅಂಕಿಸಂಖ್ಯೆಯ ಕಚೇರಿ ತೀರ್ಮಾನಿಸಿದೆ.
“ನಲವತ್ತು ವರ್ಷ ಯಾರೂ ಹಾಗಂದಿರಲಿಲ್ಲ,” ಎಂದ,
ಸಂತೋಷಕ್ಕೋ ಬೇಸರಕ್ಕೋ ತಿಳಿಯಲಿಲ್ಲ.

ನಾನು ಹೆಸ್ಟರ್ ಓಲರೆನ್‌ಶಾ. ಲೀಡ್ಸ್, ಐದನೇ ಮಹಡಿ.
ಹನ್ನೆರಡು ವರ್ಷದಿಂದ ಒಂದೇ ಕೆಲಸ,
ಮೂವತ್ತೊಂಬತ್ತು ಒಲೆಗಳ ಲೆಕ್ಕವನ್ನು ಒಂದೇ ಒಲೆಗೆ ತರುವುದು.
ಎಲ್ಲ ಕೂಡಿಸು. ಆಮೇಲೆ
ತಮ್ಮತಮ್ಮೊಳಗೇ ಕೊಟ್ಟುಕೊಂಡದ್ದನ್ನು ತೆಗೆ.
ಎಡಗೈ ಬಲಗೈಗೆ ಕೊಟ್ಟರೆ ಮೈಗೇನು ಬಂತು?
ಅನುದಾನ, ನಮ್ಮಲ್ಲಿ ಖರ್ಚು, ನಿಮ್ಮಲ್ಲಿ ಜಮಾ;
ಎದುರಾಬದುರು ನಿಂತು
ಒಂದನ್ನೊಂದು ನೋಡಿ ಎರಡೂ ಮಾಯ.
ಇದಕ್ಕೆ ವಜಾ ಅನ್ನುತ್ತೇವೆ.
ಕೆಲಸದಿಂದಲ್ಲ, ಹೆದರಬೇಡಿ.

ತಾಳೆಯಾಗಬೇಕು, ಅಷ್ಟೆ. ಆಗಲಿಲ್ಲ.
ಕೊನೆಯ ಕಂತು ಮಾರ್ಚ್ ಮೂವತ್ತೊಂದಕ್ಕೆ ಇಲ್ಲಿಂದ ಹೊರಟಿತು,
ಏಪ್ರಿಲ್ ಎರಡಕ್ಕೆ ಅಲ್ಲಿ ಮುಟ್ಟಿತು.
ನಡುವಿನ ಎರಡು ರಾತ್ರಿ ಅದು ಎಲ್ಲಿ ಮಲಗಿತ್ತು?
ಅದಕ್ಕೂ ಒಂದು ಸಾಲಿದೆ: ದಾರಿಯಲ್ಲಿರುವ ಹಣ.
ಸರಿಹೋಯಿತು. ಉಳಿದದ್ದು ಅರವತ್ತೊಂದು ಪೌಂಡ್,
ನಾವು ಕೊಟ್ಟಿದ್ದೇವೆ, ನೀವು ಇಸಕೊಂಡಿಲ್ಲ.

ಆತ ಪುಟ ತಿರುವಿದ. ನಿಜವಾದ ಪುಟ, ಸದ್ದು ಕೇಳಿಸಿತು.
“ಇದೆ. ‘ಅತಿಥಿ, ಎರಡು ರಾತ್ರಿ, ಕಲ್ಲಿದ್ದಲು ಸೇರಿ.’
ತಪಾಸಣೆಗೆ ಬಂದ ನಿಮ್ಮ ಹೆಂಗಸು. ನವೆಂಬರ್. ಬಿರುಗಾಳಿಗೆ ರಸ್ತೆ ಮುಚ್ಚಿತ್ತು,
ಕಾವಲಿನ ಗುಡಿಸಲಲ್ಲಿ ಉಳಿದಳು.
ರಾತ್ರಿ ಸೀಲ್ ಮರಿಯೊಂದು ದಿಬ್ಬದ ಬುಡಕ್ಕೆ ಬಂದು ಅಳುತ್ತಿತ್ತು.
ಬೆಳಗಾಗುವ ತನಕ ಆಕೆ ಕಿಟಕಿ ಬಿಟ್ಟು ಏಳಲಿಲ್ಲ.
ಅಂಥವರನ್ನು ಇಲಾಖೆ ಅಂತ ಹೇಗೆ ಬರೆಯಲಿ?
ಅತಿಥಿ ಅಂತ ಬರೆದೆ.”

ಪ್ರೂನೆಲ ಆಸ್ಕ್ಯೂ. ನನ್ನ ಎದುರಿನ ಮೇಜು.
ಜನವರಿಯಲ್ಲಿ ನಿವೃತ್ತಿ. ಕೇಕ್ ಕತ್ತರಿಸುವಾಗಲೂ
ಮರಿಯ ಮಾತೆತ್ತಲಿಲ್ಲ.

ಈಗ ತಾಳೆಯಾಯಿತು. ತಾಳೆಯಾದದ್ದು ವಜಾ.
“ಅಂದರೆ, ಆಕೆ ಇಲ್ಲಿಗೆ ಬರಲೇ ಇಲ್ಲವೆ?”
ಬಂದಿದ್ದರು. ಆದರೆ ಒಂದೇ ಮನೆಯವರು
ನಡುಮನೆಯಿಂದ ಹಿತ್ತಿಲಿಗೆ ಬಂದರೆ
ಅದನ್ನು ಯಾರಾದರೂ ಪ್ರಯಾಣ ಅನ್ನುತ್ತಾರೆಯೆ?
“ಕಲ್ಲಿದ್ದಲು ಉರಿದದ್ದಂತೂ ನಿಜ.”
ಕಲ್ಲಿದ್ದಲು ಉಳಿಯುತ್ತದೆ, ಮಿಸ್ಟರ್ ಥರ್ಲ್‌ಬಿ,
ಅದು ಹೊರಗಿನ ಅಂಗಡಿಯದು.

ಇನ್ನು ನಿಮ್ಮ ದಿಬ್ಬ.
ಈ ವರ್ಷ ಸಮುದ್ರ ತಿಂದದ್ದು ಹನ್ನೊಂದು ಗಜ, ನೀವೇ ಬರೆದಿದ್ದೀರಿ.
ನಾಲ್ಕೂ ಪುಟ ಹುಡುಕಿದೆ. ಸಮುದ್ರ ಪಟ್ಟಿಯಲ್ಲಿಲ್ಲ.
ಅದು ಕೊಂಡುಹೋದದ್ದಕ್ಕೆ ಎದುರು ಸಾಲು ಎಲ್ಲೂ ಇಲ್ಲ.
ಅದು ಪೂರ್ತಿ ನಷ್ಟ, ಹಾಗೇ ನಿಲ್ಲುತ್ತದೆ,

ನಿಲ್ಲುತ್ತದೆ ಅಂದೆ, ಆದರೆ
ಅಚ್ಚಾಗುವ ಪುಸ್ತಕದಲ್ಲಿ ಅಂಕಿಗಳೆಲ್ಲ ಹತ್ತು ಲಕ್ಷದ ಲೆಕ್ಕದಲ್ಲಿ.
ನಿಮ್ಮ ಹನ್ನೊಂದು ಗಜಕ್ಕೆ ಸಿಗುವುದು ಒಂದು ಸಣ್ಣ ಅಡ್ಡಗೀಟು.
ಸೊನ್ನೆ ಅಂತಲ್ಲ ಅದರರ್ಥ.
ಇದೆ, ಆದರೆ ನಮ್ಮ ಅಳತೆಗೆ ಸಿಗದು, ಅಂತ.
“ದೂರದಿಂದ ನೋಡಿದರೆ ನಮ್ಮ ದಿಬ್ಬವೂ ಹಾಗೇ ಕಾಣುತ್ತದೆ,”
ಎಂದ, ಮತ್ತೆ ಕೆಮ್ಮಿದ.

ಫೋನ್ ಇಡುವ ಮುನ್ನ ಕೇಳಿದೆ: ಆ ಮರಿ ಏನಾಯಿತು?
“ಯಾವ ಖಾತೆಗೆ ಬರೆಯುತ್ತೀರಿ?”
ಪೆನ್ನು ಕೆಳಗಿಟ್ಟೆ.
ಬರೆಯುವುದಿಲ್ಲ, ಅಂದೆ. ಹೇಳಿ.